ಕಗ್ಗಲಡುವಿನಲ್ಲಿ ಅರವತ್ತು ಚಿತ್ರಗಳು

ಏಪ್ರಿಲ್ ರಜೆಗೆ ತುಮಕೂರಿಗೆ ಬಂದಿದ್ದ ಅಕ್ಕನ ಮಗ ವಿಡಿಯೊ ಆಟವಾಡುವ ತನ್ನ ನಿಂಟೆಂಡೊ ಸ್ವಿಚ್ಚನ್ನೂ ತಂದಿದ್ದ. ಅದರಲ್ಲಿ ‘ಪೋಕೆಮಾನ್ ಸ್ನ್ಯಾಪ್’ ಇರುವುದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. 1999ರಲ್ಲಿ ನಿಂಟೆಂಡೊ 64 ಎಂಬ ಹಳೆಯ ಸಾಧನಕ್ಕಾಗಿ ಬಂದಿದ್ದ ಈ ಆಟವನ್ನು ನಾನು ಶಾಲೆಗೆ ಹೋಗುತ್ತಿದ್ದಾಗ ಚಿಕ್ಕಪ್ಪನ ಮನೆಯಲ್ಲಿ ಒಂದು ಬೇಸಿಗೆಯಿಡೀ ಆಡಿದ್ದೆ. 2022ರಲ್ಲಿ ಅದು ಸ್ವಿಚ್‌ನ ಚಂದಾದಾರರಿಗೂ ಸಿಕ್ಕಿತು.

ಆ ರಾತ್ರಿ ಊಟವಾದ ಮೇಲೆ ಇಬ್ಬರೂ ಜಗಲಿಯಲ್ಲಿ ಕುಳಿತು ಆಟದೊಳಗಿನ ಸಮುದ್ರತೀರದ ಹಾದಿಯನ್ನು ನಾಲ್ಕು ಬಾರಿ ಸುತ್ತಿದೆವು. ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿದು ಕಾದಾಡಿಸುವುದು ಉಳಿದ ಪೋಕೆಮಾನ್ ಆಟಗಳ ಕೆಲಸ; ಇಲ್ಲಿ ತಾನಾಗಿ ಸಾಗುವ ಗಾಡಿಯಲ್ಲಿ ಕುಳಿತು ಅವುಗಳ ಚಿತ್ರ ತೆಗೆಯುವುದಷ್ಟೇ ಇದೆ. ಒಂದು ಸುತ್ತಿಗೆ 60 ಚಿತ್ರಗಳು ಮಾತ್ರ. ಮರಳಿ ಬಂದ ಮೇಲೆ ಒಂದೊಂದು ಜೀವಿಗೆ ಒಂದೊಂದೇ ಚಿತ್ರವನ್ನು ಆರಿಸಿ ಆಟದಲ್ಲಿ ಬರುವ ವಿಜ್ಞಾನಿ ಪ್ರೊಫೆಸರ್ ಓಕ್ ಅವರಿಗೆ ತೋರಿಸಬೇಕು. ಅವರು ಗಾತ್ರವನ್ನೂ ಭಂಗಿಯನ್ನೂ ನೋಡಿ ಅಂಕ ಕೊಡುತ್ತಾರೆ, ಜೀವಿ ಚೌಕಟ್ಟಿನ ನಡುವೆ ಇದ್ದರೆ ಅಂಕ ಇಮ್ಮಡಿಯಾಗುತ್ತದೆ. ಹುಲ್ಲಿನಲ್ಲಿ ದಿಬ್ಬದಂತೆ ಬಿದ್ದುಕೊಂಡಿದ್ದ ಸ್ನಾರ್ಲ್ಯಾಕ್ಸ್ ಎಂಬ ಪೋಕೆಮಾನನ್ನು ಹುಡುಗ ಮೂರು ಸುತ್ತಿನಲ್ಲೂ ಗಮನಿಸದೆ ದಾಟಿ ಹೋಗಿದ್ದ. ನಾಲ್ಕನೆಯ ಸುತ್ತಿನಲ್ಲಿ ನಾನು ಹೇಳಿದಂತೆ ಕೊಳಲು ಊದಿದಾಗ ಆ ದಿಬ್ಬ ಎದ್ದು ಕುಣಿಯತೊಡಗಿತು, ಅವನೂ ಎದ್ದು ನಿಂತುಬಿಟ್ಟ. 2021ರಲ್ಲಿ ಬಂದ ಹೊಸ ಸ್ನ್ಯಾಪ್‌ನಲ್ಲಿ 200ಕ್ಕೂ ಹೆಚ್ಚು ಪೋಕೆಮಾನ್‌ಗಳಿವೆ, ಹಳೆಯದರಲ್ಲಿ ಇರುವುದು 63 ಮಾತ್ರ. ಆದರೂ ನನ್ನ ಮನಸ್ಸು ಹಳೆಯದರ ಕಡೆಗೇ ವಾಲುತ್ತದೆ. ಏಳೇ ಹಾದಿಗಳಿರುವುದರಿಂದ ನೋಡಿದ್ದನ್ನೇ ಮತ್ತೆ ನೋಡಬೇಕಾಗುತ್ತದೆ, ಹಾಗೆ ನೋಡುವಾಗಲೇ ಮೊದಲು ಕಾಣದೆ ಹೋದದ್ದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಅವನನ್ನು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಕರೆದುಕೊಂಡು ಹೋದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಕೆಳಗೆ ಮನೆಗಳು, ದನಕರುಗಳು, ಓಡಾಡುವ ಜನ.

“ಮಾಮ, ನಮಗೂ ಅರವತ್ತೇ ಚಿತ್ರ,” ಎಂದು ಅವನೇ ನಿಯಮ ಮಾಡಿದ. ಮೊದಲ ಕಾಲು ಗಂಟೆಯಲ್ಲಿಯೇ ನಲವತ್ತು ಮುಗಿದವು, ಅವುಗಳಲ್ಲಿ ಬಹುಪಾಲು ಹಕ್ಕಿಯ ಬೆನ್ನು. ಚಪ್ಪಾಳೆ ತಟ್ಟಿದರೆ ಈ ಕಡೆ ತಿರುಗಬಹುದಲ್ಲವೇ ಎಂದು ಕೇಳಿದ. ಆಟದಲ್ಲಿ ಸೇಬು ಎಸೆದು ಕರೆಯಬಹುದು, ಚೆಂಡೆಸೆದು ಕೆಣಕಲೂಬಹುದು. ಮರಿಗಳಿರುವ ಗೂಡಿನ ಕೆಳಗೆ ಅದು ಕೂಡದು ಎಂದೆ. ಅವನು ವಾದಿಸಲಿಲ್ಲ, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತ.

ಹನ್ನೊಂದರ ಹೊತ್ತಿಗೆ ಬಿಸಿಲು ನೆತ್ತಿಗೇರುತ್ತಿತ್ತು. ಎಡಗಡೆಯ ಗೂಡಿನಲ್ಲಿದ್ದ ತಾಯಿಯೋ ತಂದೆಯೋ, ಹೊರನೋಟಕ್ಕೆ ಎರಡೂ ಒಂದೇ, ಮೆಲ್ಲಗೆ ಎದ್ದು ಬಿಸಿಲಿಗೆ ಬೆನ್ನು ಮಾಡಿ ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ ಹಿಡಿಯಿತು. ಅದರ ನೆರಳಿನೊಳಗೆ ಬೂದುಬಣ್ಣದ ಎರಡು ಮರಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಹಳದಿ ಕೊಕ್ಕು ಎದೆಯತ್ತ ಬಾಗಿತ್ತು, ಬಾಲದ ಬಳಿಯ ಗುಲಾಬಿ ಗರಿಗಳು ಗಾಳಿಗೆ ಅಲುಗುತ್ತಿದ್ದವು. ಆ ಹಕ್ಕಿ ಹಾಗೆಯೇ ಬಹಳ ಹೊತ್ತು ನಿಂತಿತ್ತು. ಹುಡುಗ ಹನ್ನೆರಡು ಚಿತ್ರ ತೆಗೆದು, ಉಳಿದ ಎಂಟನ್ನು ಹಾಗೇ ಇಟ್ಟುಕೊಂಡ.

ಸಂಜೆ ಮನೆಯಲ್ಲಿ ಅವನೇ ಪ್ರೊಫೆಸರ್ ಓಕ್. ನನ್ನ ಫೋನಿನ ಚಿತ್ರದಲ್ಲಿ ಹಕ್ಕಿ ಸರಿಯಾಗಿ ನಡುವೆ ಇದ್ದರೂ ರೆಕ್ಕೆಯ ತುದಿಯನ್ನು ಕೊಂಬೆ ಮರೆಮಾಡಿತ್ತು. ಅದಕ್ಕೆ ಅಂಕ ಕಡಿತವಾಯಿತು. ಅವನ ಹನ್ನೆರಡರಲ್ಲಿ ಒಂದನ್ನು ಆರಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಆರಿಸಿದ್ದರಲ್ಲಿ ದೊಡ್ಡ ಹಕ್ಕಿ ಒಂದು ಪಕ್ಕಕ್ಕೆ ಸರಿದಿತ್ತು, ನಡುವೆ ಇದ್ದದ್ದು ನೆರಳಿನಲ್ಲಿದ್ದ ಮರಿ. ಉಳಿದ ಎಂಟು ಚಿತ್ರಗಳಿಗಾಗಿ ಭಾನುವಾರ ಅದೇ ಗೂಡಿನ ಕೆಳಗೆ ಕೂರೋಣವೇ ಎಂದು ಅವನು ಮಲಗುವ ಮುನ್ನ ಕೇಳಿದ.