ವಿಡಿಯೊ ಸಿಂಥ್‌ಗೆ ಮೊದಲು ಯಾವ ಮಾಡ್ಯೂಲ್ ಕೊಳ್ಳಬೇಕು?

ಕ್ಯಾಮೆರಾ ಇಲ್ಲದೆ, ಬರೀ ಮಾಡ್ಯೂಲುಗಳೆಂಬ ಬಿಡಿ ಸರ್ಕ್ಯೂಟ್ ಫಲಕಗಳನ್ನು ಪ್ಯಾಚ್ ಕೇಬಲ್‌ಗಳಿಂದ ಜೋಡಿಸಿ ಟಿವಿಯ ಮೇಲೆ ಚಿತ್ರ ಮೂಡಿಸುವ ಈ ಸಿಂಥ್ ಕಂಡವರು ತಪ್ಪದೆ ಕೇಳುವ ಪ್ರಶ್ನೆ ಇದು. ಬಣ್ಣ ಕುಣಿಸುವ ಮಾಡ್ಯೂಲಿನ ಹೆಸರು ಸಿಗಲಿ ಎಂಬುದು ಅವರ ಆಸೆ. ನನ್ನ ಉತ್ತರ ಸಪ್ಪೆ: ಸಿಂಕ್ ಜನರೇಟರ್ ಮತ್ತು ಸಿಗ್ನಲ್ಲನ್ನು ಟಿವಿಗೆ ತಿಳಿಯುವ ರೂಪಕ್ಕೆ ತರುವ ಎನ್‌ಕೋಡರ್. ಇವೆರಡೂ ಒಂದೇ ಮಾಡ್ಯೂಲಿನಲ್ಲಿ ಬರುವುದುಂಟು.

ಅನಲಾಗ್ ಟಿವಿಯ ಪಾಲ್ (PAL) ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಚಿತ್ರವೊಂದಕ್ಕೆ 625 ಗೆರೆ. ಸೆಕೆಂಡಿಗೆ 15,625 ಗೆರೆಗಳಾದವು. ಆ ತಾಳ ಹಿಡಿಯುವುದೇ ಸಿಂಕ್. ತಾಳ ತಪ್ಪಿದರೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ಉರುಳುತ್ತದೆ, ಅಷ್ಟೆ. ಇಂದಿನ ಚಪ್ಪಟೆ ಟಿವಿಗಳಲ್ಲಿ ಎಷ್ಟೋ ನೀಲಿ ಪರದೆ ತೋರಿಸಿ ಸುಮ್ಮನಾಗುತ್ತವೆ.

ಇನ್ನು ಬೇಕಾದದ್ದು ರ‍್ಯಾಂಪ್ ಮತ್ತು ಕಂಪ್ಯಾರೇಟರ್. ಪ್ರತಿ ಗೆರೆಯಲ್ಲೂ ಎಡದಿಂದ ಬಲಕ್ಕೆ ಏರುವ ವೋಲ್ಟೇಜನ್ನು ನೇರ ಹೊರಗೆ ಕಳುಹಿಸಿ: ಎಡಗಡೆ ಕಪ್ಪು, ಬಲಗಡೆ ಬಿಳುಪು, ನಡುವೆ ಎಲ್ಲ ಬೂದು. ಅದನ್ನೇ, ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಕಪ್ಪು, ಮೇಲಿದ್ದರೆ ಬಿಳುಪು ಎಂದು ತೀರ್ಮಾನಿಸುವ ಕಂಪ್ಯಾರೇಟರಿಗೆ ಕೊಟ್ಟರೆ ಬೂದು ಮಾಯವಾಗಿ ತೆರೆ ಎರಡು ಹೋಳಾಗುತ್ತದೆ. ಆ ಮಟ್ಟದ ಗುಂಡಿ ತಿರುಗಿಸಿದಂತೆ ಅಂಚು ಅತ್ತಿತ್ತ ಸರಿಯುತ್ತದೆ. ಮೇಲಿನಿಂದ ಕೆಳಕ್ಕೆ ಏರುವ ಇನ್ನೊಂದು ರ‍್ಯಾಂಪನ್ನು ಇದಕ್ಕೆ ಕೂಡಿಸಿ, ಅಂಚು ಓರೆಯಾಗುತ್ತದೆ. ವೋಲ್ಟೇಜನ್ನು ಒಂದೇ ಲಯದಲ್ಲಿ ಏರಿಳಿಸುವ ಆಸಿಲೇಟರ್ ಸರದಿ ಆಮೇಲೆ. ಒಂದು ಚಿತ್ರ ಎರಡು ಕಂತಿನಲ್ಲಿ ಮೂಡುವುದರಿಂದ ತೆರೆ ಸೆಕೆಂಡಿಗೆ 50 ಸಲ ತುಂಬುತ್ತದೆ; 200 ಹರ್ಟ್ಸ್‌ನಲ್ಲಿ ಓಡಿಸಿದರೆ ಸುಮಾರು ನಾಲ್ಕು ಅಡ್ಡಪಟ್ಟಿ. ಅಷ್ಟೇ ಪಟ್ಟಿಗಳು ನೆಟ್ಟಗೆ ನಿಲ್ಲಬೇಕಾದರೆ 62,500 ಹರ್ಟ್ಸ್ ಬೇಕು. ಸಂಗೀತದ ಆಸಿಲೇಟರುಗಳು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ.

ಸಂಗೀತದ ಯೂರೋರ‍್ಯಾಕ್ (ಮಾಡ್ಯೂಲು ಜೋಡಿಸುವ ಸಿಂಥ್ ಪದ್ಧತಿ) ಇರುವವರಿಗೆ ಒಂದು ಮಾತು. ಪೆಟ್ಟಿಗೆ ಅದೇ, 12 ವೋಲ್ಟಿನ ಪವರ್ ಸಪ್ಲೈ ಅದೇ, ಸಿಗ್ನಲ್ ಬೇರೆ. ವಿಡಿಯೊ ಮಾಡ್ಯೂಲು ತಯಾರಿಸುವ ಎಲ್‌ಝಡ್‌ಎಕ್ಸ್ ಇಂಡಸ್ಟ್ರೀಸ್‌ನ ಮಾಡ್ಯೂಲುಗಳಲ್ಲಿ ಕಪ್ಪಿಗೆ 0, ಬಿಳುಪಿಗೆ 1 ವೋಲ್ಟ್. ಹತ್ತು ವೋಲ್ಟ್ ಏರಿಳಿಯುವ ಧ್ವನಿಯನ್ನು ತಗ್ಗಿಸದೆ ಕೊಟ್ಟರೆ ನಡುವಿನ ಛಾಯೆಗಳು ಬಹುಪಾಲು ಅಳಿಸಿಹೋಗುತ್ತವೆ.

ಇವೆಲ್ಲ ದುಬಾರಿ, ಜೇಬು ನೋಡಿಕೊಳ್ಳಿ. ಒಲಿವಿಯಾ ಜ್ಯಾಕ್ ರೂಪಿಸಿದ ಹೈಡ್ರಾ ಎಂಬ ವಿಡಿಯೊ ಸಿಂಥ್ ತಂತ್ರಾಂಶ ಬ್ರೌಸರಿನಲ್ಲೇ ಉಚಿತವಾಗಿ ನಡೆಯುತ್ತದೆ. ಕೇಬಲ್ ಜೋಡಿಸುವ ಬದಲು ಒಂದೆರಡು ಸಾಲು ಕೋಡ್ ಬರೆದರಾಯಿತು. ಬೆಸುಗೆ ಬಲ್ಲವರು ವಿಡಿಯೊ ಕಲಾವಿದ ಡ್ಯಾನ್ ಸ್ಯಾಂಡಿನ್ ಅವರ ಇಮೇಜ್ ಪ್ರೊಸೆಸರ್ ಎಂಬ ಅನಲಾಗ್ ವಿಡಿಯೊ ಸಿಂಥ್‌ನ ನಕ್ಷೆಗಳನ್ನು ಓದಬಹುದು. 1970ರ ದಶಕದಲ್ಲಿ ಷಿಕಾಗೊದಲ್ಲಿ ಅದನ್ನು ಕಟ್ಟಿದ ಅವರು, ನಕಲು ಮಾಡಿಕೊಳ್ಳಿ ಎಂದೇ ನಕ್ಷೆಗಳನ್ನು ಹಂಚಿದ್ದರು. ಹಳೆಯ ಹ್ಯಾಂಡಿಕ್ಯಾಮ್ ಇದ್ದರೆ ಟಿವಿಗೆ ಜೋಡಿಸಿ, ಅದೇ ಟಿವಿಯತ್ತ ತಿರುಗಿಸಿ. ಚಿತ್ರ ತನ್ನೊಳಗೇ ಸುತ್ತಿ ಬರುವ ಈ ಫೀಡ್‌ಬ್ಯಾಕ್ ಕಲಿಯಲು ಮಾಡ್ಯೂಲೇ ಬೇಡ.