ಡಯಾಬ್ಲೊ 2: ಆಟ ಇರುವುದೇ ಚೀಲದಲ್ಲಿ

ಡಯಾಬ್ಲೊ 2 ಅಂದರೆ ಸುಮ್ನೆ ಮೌಸ್ ಒತ್ತುತ್ತಾ ರಾಕ್ಷಸರನ್ನು ಸಾಯಿಸುವ ಆಟ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬ್ಲಿಝಾರ್ಡ್ ನಾರ್ತ್ ತಂಡ 2000ದಲ್ಲಿ ತಂದ ಈ ಆಟದ ಜೀವ ಇರುವುದು ಇನ್ವೆಂಟರಿಯಲ್ಲಿ, ಆ ಪುಟ್ಟ ಚೀಲದಲ್ಲಿ.

ಅಡ್ಡಕ್ಕೆ 10, ಉದ್ದಕ್ಕೆ 4, ಒಟ್ಟು 40 ಮನೆ. ಅಷ್ಟೇ ಜಾಗ. ಉಂಗುರಕ್ಕೆ ಒಂದು ಮನೆ ಸಾಕು, ಎದೆಗವಚಕ್ಕೆ 6 ಬೇಕು, ಉದ್ದನೆಯ ಈಟಿಯೊಂದೇ 8 ಮನೆ ನುಂಗುತ್ತದೆ. ಬಿದ್ದ ವಸ್ತುವಿನ ಹೆಸರು ನೀಲಿ ಇದ್ದರೆ ಮ್ಯಾಜಿಕ್, ಹಳದಿ ಇದ್ದರೆ ರೇರ್ (ಅಪರೂಪದ್ದು), ಹಸಿರು ಸೆಟ್ (ಒಂದೇ ಜೋಡಣೆಗೆ ಸೇರಿದ್ದು), ಚಿನ್ನದ ಬಣ್ಣ ಯುನೀಕ್ (ವಿಶಿಷ್ಟವಾದದ್ದು). ಆದರೆ ಐಡೆಂಟಿಫೈ ಸ್ಕ್ರಾಲ್ ಓದುವ ತನಕ ಅದರ ನಿಜವಾದ ಗುಣ ಗೊತ್ತಾಗುವುದಿಲ್ಲ, ಚೀಲ ಆಗಲೇ ತುಂಬಿರುತ್ತದೆ, ಹಾಗಾಗಿ ಯಾವುದನ್ನು ಬಿಸಾಕಲಿ, ಈಗಲೇ ಟೌನ್ ಪೋರ್ಟಲ್ ಎಂಬ ಮಾಯಾ ಬಾಗಿಲು ತೆರೆದು ಊರಿಗೆ ಹೋಗಿ ಮಾರಿ ಬರಲೇ ಅಂತ ಕತ್ತಲೆ ಗುಹೆಯ ನಡುವೆ ನಿಂತು ಯೋಚಿಸಬೇಕು. ನನಗೆ ಇಷ್ಟವಾಗುವುದು ಆ ಯೋಚನೆಯೇ.

2001ರಲ್ಲಿ ಬಂದ ಆಟದ ವಿಸ್ತರಣೆ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಇದನ್ನು ಇನ್ನೂ ಬಿಗಿ ಮಾಡಿತು. ಅದರಲ್ಲಿ ಬಂದ ಚಾರ್ಮ್‌ಗಳು ತಾಯತದ ಥರ, ಮೈಮೇಲೆ ಇದ್ದರೆ ಮಾತ್ರ ಕೆಲಸ ಮಾಡುತ್ತವೆ, ಅಂದರೆ ಚೀಲದಲ್ಲೇ ಇಟ್ಟುಕೊಂಡು ತಿರುಗಬೇಕು. ಶಕ್ತಿ ಜಾಸ್ತಿ ಬೇಕಾದರೆ ಜಾಗ ಬಿಟ್ಟುಕೊಡಬೇಕು. ಎಂಥ ಚೆಂದದ ಲೆಕ್ಕ ಅಲ್ವಾ! ಹೊರಾಡ್ರಿಕ್ ಕ್ಯೂಬ್ ಎಂಬ ಮಾಯಾ ಪೆಟ್ಟಿಗೆ ಸಿಕ್ಕರೆ ಸ್ವಲ್ಪ ಉಸಿರಾಡಬಹುದು. ಹೊರಗೆ 4 ಮನೆ ಹಿಡಿಯುತ್ತದೆ, ಒಳಗೆ 12 ಮನೆ ಕೊಡುತ್ತದೆ, ಜೊತೆಗೆ ಮೂರು ಮ್ಯಾಜಿಕ್ ಉಂಗುರ ಹಾಕಿದರೆ ಒಂದು ಮ್ಯಾಜಿಕ್ ಪದಕ ಮಾಡಿಕೊಡುತ್ತದೆ.

ಲೆವೆಲ್ ಏರಿದಾಗಲೂ ಇದೇ ಬಿಗಿ. ಸಿಗುವುದು ಮೈಕಸುವಿನಂಥ ಗುಣ ಹೆಚ್ಚಿಸಲು 5 ಸ್ಟಾಟ್ ಪಾಯಿಂಟ್, ವಿದ್ಯೆ ಕಲಿಯಲು ಒಂದು ಸ್ಕಿಲ್ ಪಾಯಿಂಟ್. ಭಾರಿ ಕವಚ ತೊಡಲು ಸ್ಟ್ರೆಂತ್‌ಗೆ (ಮೈಕಸುವಿಗೆ) ಹಾಕಿದರೆ ಪ್ರಾಣ ಹೆಚ್ಚಿಸುವ ವೈಟಾಲಿಟಿಗೆ ಅಷ್ಟು ಕಡಿಮೆ. 2010ರಲ್ಲಿ ಆಟವನ್ನು ತಿದ್ದುವ 1.13 ಪ್ಯಾಚ್ ಬರುವ ತನಕ ಹಾಕಿದ ಪಾಯಿಂಟ್ ವಾಪಸ್ ತೆಗೆಯುವ ದಾರಿಯೇ ಇರಲಿಲ್ಲ.

ಸತ್ತರೆ ತೊಟ್ಟಿದ್ದೆಲ್ಲ ಹೆಣದ ಮೇಲೆ ಉಳಿಯುತ್ತದೆ, ನೀವು ಬರಿಗೈಲಿ ಊರಲ್ಲಿ ಎದ್ದು, ನಿಮ್ಮನ್ನು ಕೊಂದವರ ನಡುವೆಯೇ ಓಡಿ ಹೋಗಿ ಅದನ್ನು ತರಬೇಕು.

ಇದೇ ಆಟದ ಹೊಸ ರೂಪವಾದ 2021ರ ರಿಸರೆಕ್ಟೆಡ್‌ನಲ್ಲಿ, ವಸ್ತುಗಳನ್ನು ಕೂಡಿಡುವ ಊರಿನ ಪೆಟ್ಟಿಗೆಯನ್ನು ದೊಡ್ಡದು ಮಾಡಿದರು, ಎಲ್ಲ ಪಾತ್ರಗಳಿಗೂ ಹಂಚಿಕೊಳ್ಳಲು ಬಿಟ್ಟರು. ಚೀಲ ಮಾತ್ರ ಅದೇ 40 ಮನೆ. ಸರಿಯಾಗಿಯೇ ಮಾಡಿದರು ಅನ್ನುತ್ತೇನೆ.