31ನೇ ಕ್ಯಾಸೆಟ್ ಮತ್ತು ಮೂರು ದಿನ ಏಳದ ಕಂಪ್ಯೂಟರ್

ಹೋದ ವಾರ 31ನೇ ಕ್ಯಾಸೆಟ್‌ನಲ್ಲಿದ್ದೆ. ಈ ವಾರವೂ 31ರಲ್ಲೇ ಇದ್ದೇನೆ. ಮಧ್ಯದಲ್ಲಿ ಮೂರು ದಿನ ಕಂಪ್ಯೂಟರ್ ಏಳಲೇ ಇಲ್ಲ, ಅದರ ಕತೆ ಇದು.

ಮೊದಲ ಸಲ ಓದುವವರಿಗೆ: ದೊಡ್ಡಪ್ಪ ಊರೂರು ತಿರುಗಿ, ತಾಳಮದ್ದಳೆಗಳಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡು ಬಂದ 64 ಕ್ಯಾಸೆಟ್ ನಮ್ಮ ಕಾವೂರಿನ ಮನೆಯ ಅಟ್ಟದಲ್ಲಿ ಬಿದ್ದಿತ್ತು. ಎಲ್ಲ ಸಿ-90. ಒಂದು ಬದಿಗೆ 45 ನಿಮಿಷ, ಅಷ್ಟು ಹೊತ್ತೂ ಓಡಿಸಿಯೇ ಕಂಪ್ಯೂಟರಿಗೆ ಇಳಿಸಬೇಕು, ಅಡ್ಡದಾರಿ ಇಲ್ಲ. ವೇವ್ ಫೈಲ್ ಮಾಡಿದರೆ ನಿಮಿಷಕ್ಕೆ 10 ಎಂಬಿ ಚಿಲ್ಲರೆ, ಒಂದು ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ 1 ಜಿಬಿ. ಅದಕ್ಕೇ ಅಂತ ಒಂದು ಹಳೆ ಡೆಸ್ಕ್‌ಟಾಪಿಗೆ ಲಿನಕ್ಸ್ (ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಹಾಕಿಟ್ಟಿದ್ದೇನೆ.

ಶನಿವಾರ

ಪತ್ತನಾಜೆ, ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದು ಎರಡು ದಿನ ಆಗಿತ್ತು. ಮೇಳದವರು ಗೆಜ್ಜೆ ಬಿಚ್ಚಿದ್ದರು, ಆಕಾಶ ಗೆಜ್ಜೆ ಕಟ್ಟಿತ್ತು. ಸಂಜೆ ಐದಕ್ಕೇ ಕತ್ತಲು. ತಾಳಮದ್ದಳೆಯ ದೊಡ್ಡ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಮಾತಾಡಿದ ಕ್ಯಾಸೆಟ್, ಎ ಬದಿ ಆಗಷ್ಟೇ ಮುಗಿದಿತ್ತು. ಬಿ ಬದಿ ಹಾಕುವ ಮೊದಲು ಬಾಕಿ ಇದ್ದ ಅಪ್ಡೇಟ್ ಮುಗಿಸಿಬಿಡುವ ಅಂತ ಕೂತೆ.

ಅರ್ಧದಲ್ಲಿ ನಿಂತಿತು. ಜಾಗ ಇಲ್ಲವಂತೆ. ಡಿಸ್ಕಿನಲ್ಲಿ 300 ಜಿಬಿ ಖಾಲಿ ಉಂಟು, ಜಾಗ ಇಲ್ಲ ಅಂದರೆ ಎಂತದು? ನೋಡಿದರೆ ತುಂಬಿದ್ದು ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಬೂಟ್ ಅನ್ನುವ ಪುಟ್ಟ ಭಾಗ (ಪಾರ್ಟಿಷನ್), ಬರೀ 500 ಎಂಬಿಯದ್ದು. ಅಲ್ಲಿ ಮೂರು ಕರ್ನಲ್ (ಲಿನಕ್ಸಿನ ತಿರುಳು, ಪ್ರತಿಯೊಂದೂ ಬೇರೆ ಆವೃತ್ತಿ) ಇದ್ದವು, ಒಂದೊಂದಕ್ಕೂ ಎರಡು ಮುಖ್ಯ ಫೈಲ್. ವಿಎಂಲಿನಜ್ ಅಂತ 14 ಎಂಬಿಯದ್ದು ಒಂದು, ಇನಿಟ್‌ಆರ್‌ಡಿ ಇಮೇಜ್ ಅಂತ 140 ಎಂಬಿಯದ್ದು ಇನ್ನೊಂದು. ಮೊದಲನೆಯದರ ಹೆಸರಿನಲ್ಲೇ ಲಿನಕ್ಸಿನ ವಾಸನೆ ಇದೆ, ಮುಟ್ಟುವುದು ಬೇಡ ಅಂತ ಬಿಟ್ಟೆ. ಎರಡನೆಯದು ಇಮೇಜ್ ಅಂದ ಮೇಲೆ ಬ್ಯಾಕಪ್ ಗಿಕಪ್ ಇರಬೇಕು ಅಂತ ಮೂರನ್ನೂ ಅಳಿಸಿದೆ.

ಹೌದು, ಮೂರನ್ನೂ. ಬೈಯುವವರು ಇಲ್ಲೇ ಬೈದು ಮುಂದೆ ಹೋಗಿ.

ಓಡುತ್ತಿರುವ ಕಂಪ್ಯೂಟರಿಗೆ ಅದರಿಂದ ಏನೂ ಆಗುವುದಿಲ್ಲ, ಏಳುವಾಗ ಮಾತ್ರ ಬೇಕಾಗುವ ಫೈಲ್ ಅದು. ಹಾಗಾಗಿ ನನಗೂ ಗೊತ್ತಾಗಲಿಲ್ಲ. ಅಪ್ಡೇಟ್ ಪುನಃ ಶುರು ಮಾಡಿದೆ, ಚೆಂದ ಓಡುತ್ತಿತ್ತು, ಅಷ್ಟರಲ್ಲಿ ಅಂಗಳ ಇಡೀ ಬೆಳ್ಳಗಾಗುವ ಹಾಗೆ ಒಂದು ಮಿಂಚು, ಅದರ ಬೆನ್ನಿಗೇ ಗುಡುಗು, ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕುಂಯ್ ಅಂದು ಅದೂ ಮಲಗಿತು.

ಕರೆಂಟ್ ಬಂದದ್ದು ಎಂಟೂವರೆಗೆ. ಬಟನ್ ಒತ್ತಿದೆ. ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಬಂತು, ಕೆಳಗೆ ಯಾವುದಾದರೂ ಕೀ ಒತ್ತಿ ಅಂತ ಇತ್ತು, ನಾನು ಓದುವ ಗೋಜಿಗೆ ಹೋಗದೆ ಎಂಟರ್ ಒತ್ತಿದೆ. ಆಮೇಲೆ ಪರದೆ ತುಂಬ ಬಿಳಿ ಅಕ್ಷರ ಸುರಿದು ಕೊನೆಗೆ ಕರ್ನಲ್ ಪ್ಯಾನಿಕ್, ಅಂದರೆ ಇನ್ನು ಮುಂದೆ ಹೋಗಲಾರೆ, ಅಂತ ನಿಂತಿತು. ನನ್ನದು ಉರುಟು ಪಿನ್ನಿನ ಹಳೆ ಪಿಎಸ್/2 ಕೀಬೋರ್ಡ್. ಅದರ ಕ್ಯಾಪ್ಸ್ ಲಾಕ್ ದೀಪ, ಸ್ಕ್ರೋಲ್ ಲಾಕ್ ದೀಪ ಎರಡೂ ಒಟ್ಟಿಗೆ ಹೊತ್ತುತ್ತವೆ, ಒಟ್ಟಿಗೆ ಆರುತ್ತವೆ. ಯಾವ ಕೀ ಒತ್ತಿದರೂ ಅದೇ, ಮಿಣುಕ್ ಮಿಣುಕ್.

ಅಮ್ಮ ಬಾಗಿಲಲ್ಲಿ ಬಂದು ನಿಂತರು. "ಗುಡುಗು ಬರುವಾಗ ವಯರ್ ತೆಗಿ ಅಂತ ಎಷ್ಟು ಸಲ ಹೇಳಿದ್ದೇನೆ. ಸುಟ್ಟು ಹೋಯ್ತಾ?"

"ಸುಟ್ಟದ್ದಲ್ಲಮ್ಮ."

"ಮತ್ತೆಂತ?"

ಮಿಂಚಿನದ್ದೇ ಏನೋ ಆಗಿರಬೇಕು ಅಂದುಬಿಟ್ಟೆ. ಆ ಹೊತ್ತಿಗೆ ನಾನೂ ಹಾಗೇ ನಂಬಿದ್ದೆ ಅನ್ನಿ.

ಆದಿತ್ಯವಾರ

ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕರೆದೆ. ಬಂದವನೇ, "ಅಣ್ಣಾ, ಗ್ರಬ್‌ನಲ್ಲಿ ಹಳೆ ಕರ್ನಲ್ ಹಾಕಿ ನೋಡಿದ್ರಾ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಗ್ರಬ್ ಅಂದರೆ ಆನ್ ಮಾಡಿದಾಗ ಕರ್ನಲ್ ಆರಿಸಿ ಎಬ್ಬಿಸುವ ಪ್ರೋಗ್ರಾಂ. ಅಪ್ಡೇಟ್ ಆದ ಮೇಲೆ ಲಿನಕ್ಸ್ ಏಳದಿದ್ದರೆ ಮೊದಲು ಮಾಡಬೇಕಾದದ್ದು ಅದೇ. ಹಳೆ ಬಯಾಸ್ ಇರುವ ಮಷೀನಾದರೆ ಆನ್ ಮಾಡಿದ ತಕ್ಷಣ ಶಿಫ್ಟ್ ಒತ್ತಿ ಹಿಡಿದರೆ ಗ್ರಬ್ ಮೆನು ಬರುತ್ತದೆ, ಅದರೊಳಗೆ ಹಳೆ ಕರ್ನಲ್‌ಗಳ ಪಟ್ಟಿ ಇರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ನಮ್ಮದರಲ್ಲಿ ಮೂರೂ ಪ್ಯಾನಿಕ್. ಮೂರನೆಯದು ಹಾಕುವಾಗ ಅವನು ನನ್ನ ಕೈ ತಡೆದ. "ಎಂಟರ್ ಒತ್ಬೇಡಿ, ಒಂದ್ನಿಮಿಷ." ನಾನು ಓದದೆ ಬಿಟ್ಟ ಆ ಒಂಟಿ ಸಾಲನ್ನು ಓದಿದ. ಇನಿಟ್‌ಆರ್‌ಡಿ ಫೈಲ್ ಸಿಗುತ್ತಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು.

"ಈ ಫೈಲ್ ಎಲ್ಲಿ ಹೋಯ್ತು ಅಣ್ಣಾ?"

ಅಮ್ಮ ಗೋಳಿಬಜೆ ತಂದಿಟ್ಟು ಒಳಗೆ ಹೋಗುವವರೆಗೆ ಕಾದು, ಆಮೇಲೆ ಮೆಲ್ಲ ಹೇಳಿದೆ. ಅವನು ನಗಲಿಲ್ಲ, ಅದೇ ಜಾಸ್ತಿ ನಾಚಿಕೆ ಆದದ್ದು.

ಆ ದಪ್ಪ ಫೈಲಿನ ಕೆಲಸ ಏನು ಅಂತ ಆಗ ಸರಿಯಾಗಿ ತಲೆಗೆ ಹೋಯಿತು. ಕರ್ನಲ್ ಕಣ್ಣು ಬಿಡುವಾಗ ಅದಕ್ಕೆ ಡಿಸ್ಕ್ ಎಲ್ಲಿದೆ, ಅದನ್ನು ಹೇಗೆ ತೆರೆಯುವುದು ಅಂತ ಗೊತ್ತಿರುವುದಿಲ್ಲ. ಬೇಕಾದ ಡ್ರೈವರ್, ಬೇಕಾದ ಚಿಕ್ಕ ಚಿಕ್ಕ ಪ್ರೋಗ್ರಾಂ ಎಲ್ಲ ಕಟ್ಟಿ ಇಟ್ಟ ಗಂಟು ಈ ಇನಿಟ್‌ಆರ್‌ಡಿ. ಗ್ರಬ್ ಅದನ್ನು ಮೆಮೊರಿಗೆ ತಂದು ಇಡುತ್ತದೆ, ಕರ್ನಲ್ ಅದರ ಸಹಾಯದಿಂದ ನಿಜವಾದ ಡಿಸ್ಕಿಗೆ ಹೋಗುತ್ತದೆ. ನನ್ನದರಲ್ಲಿ ಇನ್ನೊಂದು ಉಪದ್ರ. ಹಾಕುವಾಗ ಸುಮ್ನೆ ಟಿಕ್ ಹೊಡೆದು ಬೂಟ್ ಒಂದು ಬಿಟ್ಟು ಇಡೀ ಡಿಸ್ಕಿಗೆ ಲಕ್ಸ್ ಬೀಗ (ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುವ ಎನ್‌ಕ್ರಿಪ್ಷನ್) ಹಾಕಿಸಿದ್ದೆ. ಪಾಸ್‌ವರ್ಡ್ ಕೇಳುವ ಪ್ರೋಗ್ರಾಂ ಇರುವುದೂ ಇದೇ ಗಂಟಿನಲ್ಲಿ. ಗಂಟಿಲ್ಲದೆ ಕರ್ನಲ್ಲಿಗೆ ಡಿಸ್ಕೇ ಕಾಣುವುದಿಲ್ಲ, ಅದಕ್ಕೇ ಪ್ಯಾನಿಕ್ ಸಾಲಿನಲ್ಲಿ ಅನ್‌ನೋನ್ ಬ್ಲಾಕ್ 0,0 ಅಂತ ಇದ್ದದ್ದು.

ಅವನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಲೈವ್ ಲಿನಕ್ಸ್ ಹಾಕಿ, ಅದರಿಂದ ಡೆಸ್ಕ್‌ಟಾಪ್ ಎಬ್ಬಿಸಿದೆವು. ಮೊದಲು ಕ್ರಿಪ್ಟ್‌ಸೆಟಪ್‌ನಿಂದ ಬೀಗ ತೆಗೆಯಬೇಕು. ತೆಗೆಯುವಾಗ ಅದಕ್ಕೊಂದು ಹೆಸರು ಕೊಡಬೇಕು, ನಾನು ಉತ್ಸಾಹದಲ್ಲಿ "ವಾಲಿ" ಅಂತ ಕೊಟ್ಟೆ. (ಈ ಹೆಸರು ನೆನಪಿಡಿ.) ಆಮೇಲೆ ರೂಟ್ ಪಾರ್ಟಿಷನ್ (ಸಿಸ್ಟಂ ಇರುವ ಮುಖ್ಯ ಭಾಗ) ಮೌಂಟ್ ಮಾಡಿ, ಅಂದರೆ ಜೋಡಿಸಿ, ಅದರೊಳಗೆ ಬೂಟ್, ಜೊತೆಗೆ ಡೆವ್, ಪ್ರೋಕ್, ಸಿಸ್ ಅನ್ನುವ ಸಿಸ್ಟಂ ಫೋಲ್ಡರ್ ಮೂರನ್ನೂ ಬೈಂಡ್ ಮಾಡಿ, ಸಿಎಚ್‌ರೂಟ್ ಅಂದರೆ ನಮ್ಮದೇ ಸಿಸ್ಟಂ ಒಳಗೆ ಕೂತ ಹಾಗೆ. ಅರ್ಧಕ್ಕೆ ನಿಂತಿದ್ದ ಅಪ್ಡೇಟನ್ನು ಡಿಪಿಕೆಜಿ ಕಮಾಂಡ್ ಕೊಟ್ಟು ಮುಗಿಸಿದೆವು. ಅಪ್ಡೇಟಿನಲ್ಲಿ ಬಂದ ಹೊಸದೂ ಸೇರಿ ಈಗ ನಾಲ್ಕು ಕರ್ನಲ್, ತೀರಾ ಹಳೆಯ ಎರಡನ್ನು ತೆಗೆದೆವು. ಈ ಸಲ ಪ್ರೋಗ್ರಾಂ ಹಾಕುವ, ತೆಗೆಯುವ ಆಪ್ಟ್ ಮೂಲಕ, ಕೈಯಿಂದ ಅಳಿಸಿದ್ದಲ್ಲ. ಉಳಿದ ಎರಡಕ್ಕೆ ಇನಿಟ್‌ಆರ್‌ಡಿ ಹೊಸದಾಗಿ ಕಟ್ಟಿಸಿ, ಗ್ರಬ್ ಅಪ್ಡೇಟ್ ಮಾಡಿದ್ದಾಯಿತು. ನಡುವೆ ಒಂದೆರಡು ಸಾಲು ವಾರ್ನಿಂಗ್ ಹಾದುಹೋಯಿತು. ವಾರ್ನಿಂಗ್ ಯಾವಾಗಲೂ ಬರುತ್ತದೆ ಬಿಡು ಅಂದೆ ಅವನಿಗೆ. ಸ್ಕ್ರೀನಿನ ಫೋಟೋ ಮಾತ್ರ ಹೊಡೆದಿಟ್ಟಿದ್ದ, ಪುಣ್ಯಾತ್ಮ.

ರೀಬೂಟ್. ಪ್ಯಾನಿಕ್ ಇಲ್ಲ! ಪಾಸ್‌ವರ್ಡನ್ನೂ ಕೇಳಲಿಲ್ಲ. ಕಾದೆವು, ಕಾದೆವು, ಕೊನೆಗೆ ರೂಟ್ ಡಿಸ್ಕ್ ಬರಲೇ ಇಲ್ಲ ಅಂತ ಹೇಳಿ ಬಿಜಿಬಾಕ್ಸ್ ಅನ್ನುವ ಪುಟ್ಟ ಪ್ರೋಗ್ರಾಮಿನ, ಕಮಾಂಡ್ ಬರೆಯುವ ಬೋಳು ಪ್ರಾಂಪ್ಟ್ ತಂದು ನಿಲ್ಲಿಸಿತು. ರಾತ್ರಿ ಹನ್ನೊಂದೂವರೆ. ಅವನಿಗೆ ಮರುದಿನ ಇಂಟರ್ನಲ್ಸ್ ಅಂತೆ. ಮನೆಗೆ ಕಳಿಸಿ ನಾನೂ ಮಲಗಿದೆ.

ಸೋಮವಾರ

ಮಧ್ಯಾಹ್ನ ಆಫೀಸಿನಲ್ಲಿ ಬುತ್ತಿ ಬಿಚ್ಚಿಕೊಂಡು ಅವನು ಕಳಿಸಿದ ಫೋಟೋ ದೊಡ್ಡದು ಮಾಡಿ ಓದಿದೆ. ಹಾದುಹೋದ ವಾರ್ನಿಂಗ್ ಇಷ್ಟೇ: ವಾಲಿ ಅನ್ನುವ ಹೆಸರು ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಇಲ್ಲ.

ಕ್ರಿಪ್ಟ್‌ಟ್ಯಾಬ್ ಅಂದರೆ ಯಾವ ಬೀಗಕ್ಕೆ ಯಾವ ಹೆಸರು ಅಂತ ಬರೆದಿಡುವ ಫೈಲ್. ಅದರಲ್ಲಿ ನನ್ನ ಡಿಸ್ಕಿನ ಹೆಸರು ಎಸ್‌ಡಿಎ5_ಕ್ರಿಪ್ಟ್. ನಾನು ವಾಲಿ ಅಂತ ತೆರೆದಿದ್ದೆ. ಗಂಟು ಕಟ್ಟುವ ಪ್ರೋಗ್ರಾಂ ಬಂದು ನೋಡುತ್ತದೆ, ವಾಲಿ ಯಾರು ಅಂತ ಪಟ್ಟಿಯಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಸರಿ ಅಂತ ಈ ಬೀಗದ ವಿಷಯವನ್ನೇ ಗಂಟಿನಿಂದ ಬಿಟ್ಟುಬಿಡುತ್ತದೆ. ಮತ್ತೆ ಪಾಸ್‌ವರ್ಡ್ ಕೇಳುವುದು ಯಾರು? ಲಕ್ಸ್ ಹಾಕಿದ ಡಿಸ್ಕನ್ನು ಪೆನ್‌ಡ್ರೈವಿನಿಂದ ರಿಪೇರಿ ಮಾಡುವವರು ಮೊದಲು ಕ್ರಿಪ್ಟ್‌ಟ್ಯಾಬ್ ತೆರೆದು ನೋಡಿ, ಅಲ್ಲಿರುವ ಹೆಸರನ್ನೇ ಒಂದಕ್ಷರ ಆಚೆ ಈಚೆ ಆಗದ ಹಾಗೆ ಕೊಡಿ. ಹೆಸರಿನಲ್ಲಿ ಕವಿತೆ ಬೇಡ.

ಬರುವ ದಾರಿಯಲ್ಲಿ ಹಂಪನಕಟ್ಟೆಯಲ್ಲಿ ಇಳಿದು ಯುಪಿಎಸ್‌ಗೆ 12 ವೋಲ್ಟ್ 7 ಆ್ಯಂಪಿಯರ್-ಅವರ್ ಬ್ಯಾಟರಿ ತಗೊಂಡೆ. ರಾತ್ರಿ ಪುನಃ ಪೆನ್‌ಡ್ರೈವ್, ಪುನಃ ಸಿಎಚ್‌ರೂಟ್, ಸರಿಯಾದ ಹೆಸರು. ಹತ್ತು ನಿಮಿಷದ ಕೆಲಸ. ರೀಬೂಟ್ ಮಾಡಿದರೆ ಪಾಸ್‌ವರ್ಡ್ ಕೇಳುವ ಆ ಪುಟ್ಟ ಪೆಟ್ಟಿಗೆ ಬಂತು. ಅದನ್ನು ನೋಡಿ ಯಾರಿಗಾದರೂ ಇಷ್ಟು ಸಂತೋಷ ಆದದ್ದುಂಟೋ ಗೊತ್ತಿಲ್ಲ.

ಫೈಲುಗಳೆಲ್ಲ ಇವೆ. ಎ ಬದಿ ಕೇಳಿ ನೋಡಿದೆ, 45 ನಿಮಿಷ ಪೂರ್ತಿ ಇದೆ. ಇಷ್ಟರವರೆಗೆ ಇಳಿಸಿದ್ದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಹಾಕಿದ್ದೇನೆ, ಅದಕ್ಕೆ ಬೀಗ ಇಲ್ಲ.

ಅಮ್ಮ ಈಗಲೂ ಬೈಯುವುದು ಮಿಂಚನ್ನೇ. ಪಕ್ಕದ ಮನೆಯವನು ಬಾಯಿ ಬಿಡದಿದ್ದರೆ ಸಾಕು. ಇದನ್ನು ಬರೆಯುವಾಗ ಬಿ ಬದಿ ಓಡುತ್ತಿದೆ, 12ನೇ ನಿಮಿಷ, ಶೇಣಿಯವರ ವಾಲಿ ಈಗಷ್ಟೇ ರಾಮನನ್ನು ಪ್ರಶ್ನೆ ಮಾಡಲಿಕ್ಕೆ ಶುರು ಮಾಡಿದ್ದಾನೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಒಂದು ಗುಡುಗು ಕೇಳಿದರೂ ಟೇಪ್ ನಿಲ್ಲಿಸಿ ವಯರ್ ತೆಗೆಯುವವನಿದ್ದೇನೆ.